ಎತ್ತಿಟ್ಟ ಲಗ್ನಪತ್ರಿಕೆ

ಒಂದು ತಾಟು ಗಿರ್ಮಿಟ್ಟು ಬರದಿದ್ದರೆ ಕಾಶಿನಾಥನಿಗೆ ಈ ಗತಿ ಬರುತ್ತಿರಲಿಲ್ಲ.

ಯರಗುಪ್ಪಿಯ ಮನೆಯಲ್ಲೇ ಕೂತು ಹುಬ್ಬಳ್ಳಿಯ ಕಂಪನಿಗೆ ಪ್ರೋಗ್ರಾಂ ಬರೆಯುವ ಅವನು, ಆ ಭಾನುವಾರ ಬೆಳಿಗ್ಗೆ ತನ್ನದೇ ಲಗ್ನಪತ್ರಿಕೆ ಬರೆಯುತ್ತಿದ್ದ. ಮರುದಿನ ಸೋಮವಾರ. ಮೊದಲ ಪತ್ರಿಕೆ ಮನೆದೇವರು ವೀರಭದ್ರನ ಮುಂದೆ ಹೋಗಬೇಕು, ತಪ್ಪಿದರೆ ಮುಂದಿನ ಸೋಮವಾರದವರೆಗೆ ಒಬ್ಬರನ್ನೂ ಕರೆಯುವಂತಿಲ್ಲ ಎಂದು ತಾಯಿ ಶಾರದವ್ವನ ಹಟ.

‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಯಾರ ಹೆಸರು ಎಲ್ಲಿ ಬರಬೇಕೆಂಬುದು ನಮ್ಮ ಕಡೆ ಹೊಲದ ಬದುವಿಗಿಂತ ದೊಡ್ಡ ತಕರಾರು. ಮರೆಯಬಾರದೆಂದು ಕಾಶಿನಾಥ ಹೆಸರುಗಳ ಮುಂದೆ ಕಂಸದಲ್ಲಿ ತನಗಾಗಿ ಬರೆದುಕೊಂಡ. ಕುಬೇರಪ್ಪ ಕಾಕಾ (ಮೊದಲು ಹಾಕದಿದ್ದರೆ ಹಂದರದಲ್ಲೇ ರಂಪ). ಬಾಜೂ ಮನೆಯ ಸುಶೀಲವ್ವ (ಬಿಟ್ಟರೆ ಓಣಿ ತುಂಬಾ ಸುದ್ದಿ). ಹೆಣ್ಣಿನ ತಂದೆ ಸಿದ್ಧಾರೂಢಪ್ಪ ಮಾತ್ರ ದೇವರಂಥ ಮನುಷ್ಯ. ಅವರ ಹೆಸರಿನ ಮುಂದೆ ಏನೂ ಬರೆಯಬೇಕಾಗಲಿಲ್ಲ.

ಕಂಪನಿಯ ಕೆಲಸದಲ್ಲಿ ಫೈಲುಗಳ ಹಳೆಯ ಪ್ರತಿ ಕಾಯ್ದಿಡಲು ಬಳಸುವ ‘ಗಿಟ್’ ಎಂಬ ತಂತ್ರಾಂಶವನ್ನೇ ಇದಕ್ಕೂ ಬಳಸಿದ್ದ. ‘ಆ್ಯಡ್’ ಎಂದರೆ ಫೈಲು ಆ ಕ್ಷಣ ಹೇಗಿದೆಯೋ ಹಾಗೆ ಒಂದು ಪ್ರತಿ ಒಳಗೆ ಎತ್ತಿಟ್ಟುಕೊಳ್ಳುತ್ತದೆ. ಮುಂದೆ ಫೈಲು ಎಷ್ಟೇ ಕೆಡಲಿ, ‘ರಿಸ್ಟೋರ್’ ಎಂದರೆ ಎತ್ತಿಟ್ಟದ್ದು ಅದರ ಮೇಲೆ ಬಂದು ಕೂಡುತ್ತದೆ. ಹೆಪ್ಪಿಗೆಂದು ಒಂದು ಬಟ್ಟಲು ಮೊಸರು ಎತ್ತಿಟ್ಟ ಹಾಗೆ.

ಎಲ್ಲ ಬರೆದು ಆ್ಯಡ್ ಮಾಡಿದ. ಆಮೇಲೆ ಕಂಸಗಳನ್ನೆಲ್ಲ ಅಳಿಸಿದ. ಇನ್ನೊಮ್ಮೆ ಆ್ಯಡ್ ಮಾಡಬೇಕು, ಅಷ್ಟರಲ್ಲಿ ಸುಶೀಲವ್ವ ಖಾರದ ಚುರುಮುರಿ ಗಿರ್ಮಿಟ್ಟಿನ ತಾಟು ಹಿಡಿದು ಬಂದಳು. ಕೈ ಎಣ್ಣೆಯಾಯಿತು, ಬಾಯಿ ಉರಿಯಿತು, ನೀರು ಕುಡಿಯಲು ಎದ್ದವನಿಗೆ ಆ್ಯಡ್ ಮರೆತೇ ಹೋಯಿತು.

ತಿರುಗಿ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕುಬೇರಪ್ಪ ಕಾಕಾ.

“ಏನಲೇ ಕಾಶಿ, ಬರೇ ಕುಬೇರಪ್ಪ ಅಂತ ಹಾಕೀದಿ? ಹಾಲಿನ ಸಂಘದ ಮಾಜಿ ಉಪಾಧ್ಯಕ್ಷರು ಅಂತ ಯಾರ ಬರೀಬೇಕು, ನಿಮ್ಮಜ್ಜ?”

“ಕಾಕಾ, ಮುಟ್ಟಬ್ಯಾಡ್ರಿ. ಕೆಡತೈತಿ.”

“ಕೆಟ್ರ ತಿರುಗಿ ಬರಂಗಿಲ್ಲೇನು?”

“ಬರತೈತ್ರಿ, ಒಂದು ಪ್ರತಿ ಎತ್ತಿಟ್ಟೇನಿ. ಆದ್ರ...”

ಆ ‘ಆದ್ರ’ ಯಾರ ಕಿವಿಗೂ ಬೀಳಲಿಲ್ಲ. ಎತ್ತಿಟ್ಟಿದ್ದಾನೆಂದ ಮೇಲೆ ಇನ್ನೇನು ಅಂಜಿಕೆ? ಕಾಕಾ ಒಂಟಿ ಬೆರಳಿನಿಂದ ಕುಟ್ಟತೊಡಗಿದರು. ಸುಶೀಲವ್ವ ಬಾಜೂ ನಿಂತು ತನ್ನ ತವರುಮನೆಯವರ ಹೆಸರುಗಳನ್ನೆಲ್ಲ ಹೇಳಿದಳು. ಜಾಗ ಸಾಲದೆ ಕಾಕಾ ಮೇಲಿನದೇನನ್ನೋ ಒರೆಸಿದರು. ಕಾಶಿನಾಥ ಕೈ ಮುಗಿದ, ಬೇಡಿದ, ಒದರಾಡಿದ. ಕೇಳುವವರು ಯಾರು?

ಮಧ್ಯಾಹ್ನ ಕುಂದಗೋಳದ ಪ್ರೆಸ್ಸಿನವನ ಫೋನು ಬಂತು. “ಈಗ ಕಳಿಸಿದ್ರ ಸಂಜಿಕ್ಕ ಕೊಡ್ತೀನ್ರಿ. ಇಲ್ಲಾಂದ್ರ ಮುಂದಿನ ವಾರ.”

ಕಾಶಿನಾಥ ಪರದೆ ನೋಡಿದ. ತವರುಮನೆಯ ಕೂಸಿನ ಹೆಸರೂ ಇತ್ತು, ವರನ ಹೆಸರೇ ಇರಲಿಲ್ಲ.

“ನನ್ನ ಹೆಸರೆಲ್ಲಿ ಕಾಕಾ?”

“ಲಗ್ನ ಯಾರದಂತ ಊರಿಗೇ ಗೊತ್ತೈತಿ ಬಿಡೋ!”

ಕಾಶಿನಾಥನ ತಾಳ್ಮೆ ತಪ್ಪಿತು. ಕಾಕಾನನ್ನು ಎಬ್ಬಿಸಿ ಕೂತು ರಿಸ್ಟೋರ್ ಕುಟ್ಟಿದ. ಉಪಾಧ್ಯಕ್ಷರು, ತವರುಮನೆ, ಎಲ್ಲ ಮಂಗಮಾಯ! ಪತ್ರಿಕೆಯ ತಲೆಯಲ್ಲಿ ವರನ ಹೆಸರು ಮತ್ತೆ ಬಂದು ಕೂತಿತ್ತು. ಅಷ್ಟೇ ನೋಡಿ ಪ್ರೆಸ್ಸಿಗೆ ಕಳಿಸಿಬಿಟ್ಟ. “ಒಂದಕ್ಷರ ತಿದ್ದಬ್ಯಾಡ್ರಿ. ಇದ್ದಂಗ ಹಾಕ್ರಿ” ಎಂದು ಎರಡೆರಡು ಸಲ ಹೇಳಿದ.

ಪ್ರೆಸ್ಸಿನವನು ಮಾತಿನ ಮನುಷ್ಯ, ಇದ್ದಂಗೇ ಹಾಕಿದ್ದ. ಸಂಜೆ ಗಂಟು ಬಿಚ್ಚಿ, ಮೂಗಿಗೆ ಚಾಳೀಸು ಏರಿಸಿ, ಕಾಕಾ ಗಟ್ಟಿಯಾಗಿ ಓದಿದರು: “ಕುಬೇರಪ್ಪ. ಮೊದಲು ಹಾಕದಿದ್ದರೆ ಹಂದರದಲ್ಲೇ ರಂಪ.”

ಕಾಶಿನಾಥ ಇನ್ನೊಂದು ಪತ್ರಿಕೆ ಎತ್ತಿ ನೋಡಿದ. ಎತ್ತಿಟ್ಟದ್ದು ಕಂಸಗಳಿದ್ದ ಪ್ರತಿ! ಅಳಿಸಿದ ಮೇಲೆ ಆ್ಯಡ್ ಮಾಡುವುದು ಮರೆತೇ ಹೋಗಿತ್ತಲ್ಲ! ಅವನು ದನದ ಕೊಟ್ಟಿಗೆಯ ಕಡೆ ನೋಡಿದ, ಅಡಗಲು ಅಲ್ಲಿ ಜಾಗವಿತ್ತು.

ಕಾಕಾ ಚಾಳೀಸು ತೆಗೆದರು. “ಶಾಬಾಸ್ ಮಗನ! ಉಪಾಧ್ಯಕ್ಷ ಯಾರರ ಆಗ್ತಾರ. ಇಂಥಾ ವಜನ ಎಷ್ಟ ಮಂದಿಗೈತಿ?”

ಸುಶೀಲವ್ವನಂತೂ ತನ್ನ ಸಾಲು ತೋರಿಸಲು ಒಂದು ಹಿಡಿ ಪತ್ರಿಕೆ ಹಿಡಿದು ಆಗಲೇ ಓಣಿಗಿಳಿದಿದ್ದಳು. ಶಾರದವ್ವ ಒಂದಕ್ಕೆ ಕುಂಕುಮ ಹಚ್ಚಿ ನಾಳಿನ ಪೂಜೆಯ ತಟ್ಟೆಯಲ್ಲಿಟ್ಟಳು. ಕಾಶಿನಾಥನಿಗೆ ಹೋದ ಜೀವ ಬಂದಂತಾಯಿತು.

ಆಗ ಅಣ್ಣಿಗೇರಿಯಿಂದ ಮದುವಣಗಿತ್ತಿ ನೇತ್ರಾಳ ಫೋನು ಬಂತು.

“ಏನ ಮಾಡಿಟ್ರಿ? ಪ್ರೆಸ್ಸಿನಾಂವ ನಮಗೂ ಕಾರ್ಡಿನ ಫೋಟೋ ಕಳಿಸ್ಯಾನ. ಎಲ್ಲಾರ ಮುಂದ ಒಂದೊಂದ ಬರದೀರಿ, ನಮ್ಮಪ್ಪನ ಮುಂದ ಖಾಲಿ! ಊಟ ಬಿಟ್ಟು ಕುಂತಾನ. ತನಗೂ ಏನರ ಬರದು ಹೊಸಾ ಕಾರ್ಡ್ ಮಾಡೂತನಕ ದೇವರ ಮುಂದ ಇಡಬ್ಯಾಡ್ರಂತ.”

“ಅಲ್ಲ ನೇತ್ರಾ, ಮಾವಾರು ಎಂದೂ ತಕರಾರ ಮಾಡಿದವರಲ್ಲಲ್ಲ! ಏನಂತ ಬರೀಲಿ?”

“ಈಗ ಮಾಡ್ಯಾನಲ್ಲ. ಅದನ್ನ ಬರೀರಿ.”