ಮಾನ್ಯ ತೋಟದ ಮಾಲೀಕರೇ

ವಯಸ್ಸಾದವರಿಗೆ ಮರೆವು ಹೆಚ್ಚು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡಕ ಎಲ್ಲಿಟ್ಟೆನೆಂಬುದು ಮರೆತಿರಬಹುದು. ಆದರೆ ಹಳೇಬೀಡಿನ ಮದುವೆ ಮಂಟಪವೊಂದರಲ್ಲಿ, ಕೈಯೊಡ್ಡಿದರೆ ತಾನೇ ನೀರು ಬಿಡುವ ನಲ್ಲಿಯೊಂದು ನನ್ನ ಹಿಂದೆ ಮುಂದೆ ನಿಂತವರಿಗೆಲ್ಲ ನೀರು ಬಿಟ್ಟು, ಸಾರು ಮೆತ್ತಿದ ನನ್ನ ಕೈಯನ್ನು ಮಾತ್ರ ಗುರುತಿಸದೆ ಹೋದದ್ದು ಚೆನ್ನಾಗಿ ನೆನಪಿದೆ. ಹೊಸ ಫೋನಿನ ಬಗ್ಗೆ ನಾನು ಕೇಳಿದ ಮೂರನೆಯ ಪ್ರಶ್ನೆಗೇ ಬೇಸತ್ತು, ಮನೆಯಲ್ಲಿ ಚಿಕ್ಕವರಿದ್ದರೆ ಕಳಿಸಿ ಎಂದ ಅಂಗಡಿಯವನೂ ನೆನಪಿದ್ದಾನೆ, ಅಂದು ತೊಟ್ಟಿದ್ದ ಅಂಗಿಯ ಬಣ್ಣದ ಸಮೇತ. ಇಂಥ ಪ್ರಸಂಗಗಳಿಗೆಂದೇ ನನ್ನ ಮೇಜಿನ ಮೇಲೊಂದು ನೋಟುಪುಸ್ತಕವಿದೆ.

ಅದರಲ್ಲಿ ಅತಿ ಹೆಚ್ಚು ಪುಟಗಳನ್ನು ಆಕ್ರಮಿಸಿರುವುದು ನಮ್ಮ ತೋಟದ ಪಂಪಿನ ಸ್ಟಾರ್ಟರ್. ಮನೆ ಇರುವುದು ಅರಸೀಕೆರೆಯಲ್ಲಿ, ತೋಟ ಬಾಣಾವರದ ರಸ್ತೆಯಲ್ಲಿ, ನಡುವೆ ನನ್ನ ಮಂಡಿನೋವು. ಈ ಸಲ ಹನ್ನೆರಡು ತೆಂಗಿನ ಸಸಿ ನೆಟ್ಟಿದ್ದೆ. ಬೇಸಿಗೆಯಲ್ಲಿ ಅವಕ್ಕೆ ನೀರು ತಪ್ಪಬಾರದೆಂದು, ಮನೆಯಿಂದಲೇ ಫೋನ್ ಮಾಡಿ ಮೋಟಾರು ಹಾಕುವ ಪೆಟ್ಟಿಗೆಯೊಂದನ್ನು ಕೂರಿಸಿದೆ. ಕರೆ ಮಾಡಿದರೆ ಒಂದು ಧ್ವನಿ, ಆನ್ ಮಾಡಲು ಒಂದು, ಆಫ್ ಮಾಡಲು ಎರಡು ಎಂದು ಗಡಗಡನೆ ಒದರುತ್ತಿತ್ತು. ಫೋನನ್ನು ಕಿವಿಯಿಂದಿಳಿಸಿ, ಕನ್ನಡಕ ಏರಿಸಿ, ತೆರೆಯಿಂದ ಮಾಯವಾದ ಅಂಕಿಗಳನ್ನು ಮರಳಿ ಕರೆಸುವಷ್ಟರಲ್ಲಿ "ತಪ್ಪು ಆಯ್ಕೆ" ಎಂದು ಕರೆ ಕಡಿಯುತ್ತಿತ್ತು. ಮೂವತ್ತಮೂರು ವರ್ಷ ಕನ್ನಡ ಮೇಷ್ಟ್ರಾಗಿ ಇತರರ ತಪ್ಪುಗಳಿಗೆ ಕೆಂಪು ಗೆರೆ ಎಳೆದವನಿಗೆ, ಪಂಪುಮನೆಯ ಗೋಡೆಗೆ ನೇತುಬಿದ್ದ ತಗಡಿನ ಪೆಟ್ಟಿಗೆ ತಪ್ಪು ಹಾಕುವುದೆಂದರೇನು?

ನನ್ನ ಹೆಂಡತಿ ಪಾರ್ವತಮ್ಮ ಮಾತ್ರ ಕರೆ ಸೇರಿದ ಕ್ಷಣವೇ ಒಂದು ಒತ್ತಿ ಒಗ್ಗರಣೆಗೆ ಹಿಂದಿರುಗುತ್ತಿದ್ದಳು. ತೋಟದಲ್ಲೂ ಬೀದಿಯಲ್ಲೂ ನಮಗೆ ನೆರೆಯವಳಾದ ನಂಜಮ್ಮನ ಪದ್ಧತಿಯೂ ಅದೇ. "ಅದು ಹೇಳೋದ್ನ ಯಾಕೆ ಕೇಳ್ತೀರಾ ಮೇಷ್ಟ್ರೇ? ಒಂದು ಒತ್ತಿ ಮಡಗಿ, ನೀರು ಬತ್ತದೆ" ಎಂದು ಆಕೆ ಉಪದೇಶಿಸಿದಳು. ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರಿಸುವುದು ನನ್ನ ತರಗತಿಯಲ್ಲಿ ಶಿಕ್ಷಾರ್ಹವಾಗಿತ್ತು.

ಈ ಪೆಟ್ಟಿಗೆಗಳನ್ನು ತಯಾರಿಸುವವಳು ಚೈತ್ರಾ ಎಂಬ ಹೆಣ್ಣುಮಗಳು. ಬಸ್ ನಿಲ್ದಾಣದ ಹಿಂದೆ ಅವಳದೊಂದು ಪುಟ್ಟ ಅಂಗಡಿ. ಹಿರಿಯರಿಗೆ ಅನುಕೂಲವಾಗುವಂತೆ ಇದನ್ನು ತಿದ್ದಬೇಕು, ಏನೇನು ಬೇಕು ಹೇಳಿ ಎಂದು ಅವಳೇ ಮನೆಗೆ ಬಂದು ಕೇಳಿದಳು. ನಾನು ಹನ್ನೊಂದು ಪುಟಗಳ ಮನವಿ ಬರೆದುಕೊಟ್ಟೆ. ಮೊದಲು ವಂದಿಸತಕ್ಕದ್ದು, ಸೂಚನೆಯನ್ನು ಸಾವಧಾನವಾಗಿ ಎರಡು ಬಾರಿ ಹೇಳತಕ್ಕದ್ದು, ಉತ್ತರಕ್ಕೆ ಆತುರಪಡಿಸಕೂಡದು, ತಪ್ಪು ಎಂಬ ಶಬ್ದವನ್ನು ಬಳಸಲೇಕೂಡದು, ಎಲ್ಲಕ್ಕೂ ಮಿಗಿಲಾಗಿ, ಪೂರ್ತಿ ಕೇಳಿಸಿಕೊಳ್ಳುವ ತನಕ ಯಾರು ಯಾವ ಅಂಕಿ ಒತ್ತಿದರೂ ನಡೆಯಕೂಡದು. ಉದ್ದವಾಗುವುದಿಲ್ಲವೇ ಎಂದು ಅವಳು ಮೆಲ್ಲಗೆ ಕೇಳಿದಳು. ಗೌರವವನ್ನು ಗಜಕಡ್ಡಿಯಿಂದ ಅಳೆಯಬಾರದಮ್ಮ ಎಂದೆ. ಧ್ವನಿಯೂ ನಿಮ್ಮದೇ ಇರಲಿ ಎಂದಳು. ಧ್ವನಿಮುದ್ರಣಕ್ಕೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಪರೀಕ್ಷಾರ್ಥವಾಗಿ ನಮ್ಮ ತೋಟಕ್ಕೂ ನಂಜಮ್ಮನ ತೋಟಕ್ಕೂ ಹೊಸ ವ್ಯವಸ್ಥೆ ಬಂತು. "ಮಾನ್ಯ ತೋಟದ ಮಾಲೀಕರೇ, ತಮಗೆ ಆದರಪೂರ್ವಕ ನಮಸ್ಕಾರಗಳು. ತಾವು ದಯಮಾಡಿ ಆಸೀನರಾಗಿ, ಕನ್ನಡಕವನ್ನು ಧರಿಸಿಕೊಳ್ಳತಕ್ಕದ್ದು..." ಮೊದಲ ದಿನ ಮೋಟಾರು ಹಾಕುವುದನ್ನೂ ಮರೆತು ಮೂರು ಸಲ ಕೇಳಿದೆ.

ಆ ವಾರ ತೋಟದ ಕರೆಂಟು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೊರಡುವ ನೆಂಟನಂತಾಯಿತು. ಹೋಗಿ ಬಂದಾಗಲೆಲ್ಲ ಮೋಟಾರನ್ನು ಹೊಸದಾಗಿ ಹಾಕಬೇಕು. ಕರೆ ಮಾಡುತ್ತೇನೆ, ನಾನೇ ನನಗೆ ವಂದಿಸುತ್ತೇನೆ, ನಾನೇ ನನ್ನನ್ನು ಕೂರಿಸುತ್ತೇನೆ, ಒಂದು ಮತ್ತು ಎರಡರ ವ್ಯತ್ಯಾಸವನ್ನು ವಿವರಿಸಿ ಮುಗಿಸುವಷ್ಟರಲ್ಲಿ, "ಮಾನ್ಯರೇ, ವಿದ್ಯುತ್ತು ಈಗತಾನೇ ನಿರ್ಗಮಿಸಿತೆಂದು ತಿಳಿಸಲು ವಿಷಾದಿಸುತ್ತೇನೆ" ಎಂದು ನಾನೇ ವಿಷಾದಿಸುತ್ತೇನೆ. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ ನಂಜಮ್ಮ ತೋಟದಿಂದ ಬಸ್ಸಿನಲ್ಲಿ ನೇರವಾಗಿ ನಮ್ಮ ಮನೆಗೇ ಬಂದಳು. ಕೈಯಲ್ಲಿ ನನ್ನದೇ ಸಸಿಯ ಒಣಗಿದ ಗರಿ.

"ಮೇಷ್ಟ್ರೇ, ನೀವು ನಮಸ್ಕಾರ ಮುಗ್ಸೋ ಹೊತ್ಗೆ ಕರೆಂಟು ಹೋಯ್ತದೆ ಕಣ್ರೀ. ಗಿಡಕ್ಕೆ ನಮಸ್ಕಾರ ಬ್ಯಾಡ, ನೀರು ಬೇಕು. ಈಗ ಕರೆಂಟೈತೆ, ಮಾಡಿ ನೋಡುವ."

ಮಾಡಿದೆ. ಫೋನು ಮಾನ್ಯ ತೋಟದ ಎನ್ನುವಷ್ಟರಲ್ಲೇ ನನಗರಿವಿಲ್ಲದೆ ಗದರಿಬಿಟ್ಟೆ: "ಸಾಕು, ವಿಷಯಕ್ಕೆ ಬಾರಯ್ಯ!"

ನಂಜಮ್ಮ ಪಾರ್ವತಮ್ಮನ ಮುಖ ನೋಡಿದಳು. ಪಾರ್ವತಮ್ಮ ಸೂರು ನೋಡಿದಳು. ನನ್ನ ಮಾತನ್ನು ಅರ್ಧಕ್ಕೆ ತುಂಡರಿಸುವ ಧೈರ್ಯ ಆ ಮನೆಯಲ್ಲಿ ಅಲ್ಲಿಯವರೆಗೆ ಅವಳೊಬ್ಬಳಿಗೇ ಇತ್ತು.

ಸಂಜೆ ಚೈತ್ರಾ ಬಂದಳು. ಗೆದ್ದವಳಂತೆ ನಗಲಿಲ್ಲ, ಆದ್ದರಿಂದ ಅವಳ ಹೆಸರು ಪುಸ್ತಕಕ್ಕೆ ಸೇರಲಿಲ್ಲ. ಹನ್ನೊಂದು ಪುಟಗಳಲ್ಲಿ ಎರಡು ಮಾತುಗಳನ್ನು ಮಾತ್ರ ಉಳಿಸಿಕೊಂಡಳು: ಕನ್ನಡಕ ಸಿಗುವವರೆಗೂ ಪೆಟ್ಟಿಗೆ ಕಾಯುತ್ತದೆ, ತಪ್ಪು ಎನ್ನುವುದಿಲ್ಲ. ಉತ್ತರವನ್ನು ಯಾವಾಗ ಬೇಕಾದರೂ ಒತ್ತಬಹುದು. ಧ್ವನಿಗೆ ಯಾರು ಎಂದು ಸುತ್ತ ನೋಡಿ, ಕಾಫಿ ತರುತ್ತಿದ್ದ ಪಾರ್ವತಮ್ಮನನ್ನೇ ಕೇಳಿದಳು. ಇವಳು ಲೋಟವನ್ನೂ ಕೆಳಗಿಡದೆ ಹೇಳಿ ಮುಗಿಸಿದಳು.

ಸಸಿಗಳಲ್ಲಿ ಹತ್ತು ಚಿಗುರಿವೆ. ಈಗ ಆ ರಸ್ತೆಯ ಅನೇಕ ತೋಟಗಳು ನನ್ನ ಹೆಂಡತಿಯ ಮಾತಿನಂತೆ ನಡೆಯುತ್ತವೆ. ಕರೆ ಮಾಡಿದರೆ "ಒಂದು ಒತ್ರೀ" ಎನ್ನುತ್ತಾಳೆ. ಬೆರಳು ಜಾರಿ ಮೂರು ಒತ್ತಿದರೆ "ಅದಲ್ಲ ಕಣ್ರೀ, ಸರಿಯಾಗ್ ನೋಡಿ" ಎನ್ನುತ್ತಾಳೆ. ಈ ಎರಡನೆಯ ಮಾತು ನೋಟುಪುಸ್ತಕಕ್ಕೆ ಸೇರಬೇಕಾದದ್ದೇ. ಸೇರಿಸಿಲ್ಲ. ಮೇಜು ಒರೆಸುವಾಗ ಅವಳು ಆ ಪುಸ್ತಕವನ್ನು ಓದುತ್ತಾಳೆ, ಅದೂ ಕನ್ನಡಕವಿಲ್ಲದೆ.