ಸೋದರತ್ತೆಯರ ಕೊರತೆ

ಪಾಠವನ್ನು ಶಾಲೆಯಲ್ಲೇ ಬಿಟ್ಟು ಮನೆಗೆ ಬರುವ ಮೇಷ್ಟ್ರುಗಳು ಪುಣ್ಯವಂತರು. ನನಗೆ ಆ ಪುಣ್ಯವಿಲ್ಲ. ವಿಜ್ಞಾನದ ಮೇಷ್ಟ್ರು ಮನೆಯಲ್ಲಿ ಹೆಚ್ಚೆಂದರೆ ಫ್ಯೂಸ್ ಕಟ್ಟಿ ಸುಮ್ಮನಾಗುತ್ತಾರೆ. ನಾನು ಸಮಾಜ ವಿಜ್ಞಾನದವನು, ನನಗೆ ಅಡುಗೆಮನೆಯೂ ಸಮಾಜವೇ. ಹರಪನಹಳ್ಳಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ 'ಜನಸಂಖ್ಯಾ ಸ್ಫೋಟ'ದ ಪಾಠ ಮಾಡಿದವನಿಗೆ, ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ ಪೇಪರಿನಲ್ಲಿ ಅದರ ಉಲ್ಟಾ ಸುದ್ದಿ ಸಿಕ್ಕಿತು. ಮುಂದುವರಿದ ದೇಶಗಳಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವಂತೆ. ಶಾಲೆಗಳಿಗೆ ಬೀಗ ಬೀಳುತ್ತಿದೆ, ಮುದುಕರು ಹೆಚ್ಚುತ್ತಿದ್ದಾರೆ, ಕಾರ್ಖಾನೆಗಳಿಗೆ ಆಳು ಸಿಗುತ್ತಿಲ್ಲ. ಹೆತ್ತವರಿಗೆ ಸರ್ಕಾರವೇ ಇನಾಮು ಕೊಡುತ್ತದಂತೆ! ನಮ್ಮ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಇನ್ನೂ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿತ್ತು.

ಓದಿ ನನಗೆ ಖುಷಿಯಾಯಿತು, ಏಕೆಂದರೆ ನಮ್ಮ ಮನೆಯೂ ಒಂದು ಮುಂದುವರಿದ ದೇಶವಾಗಿತ್ತು. ಐದು ವರ್ಷದ ಮಗಳು ಒಬ್ಬಳೇ. ಇನ್ನೊಂದು ಬೇಕೆಂದು ನನಗೆ ಆಸೆ, ಬೇಡವೆಂದು ಹೆಂಡತಿ ಶಶಿಕಲಾಳ ತೀರ್ಮಾನ. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಟಿ.ಸಿ.ಎಚ್. ಓದಿ ಪಾಸಾದವಳು. ಹಿರೇಹಡಗಲಿಯ ಪ್ರೈಮರಿ ಶಾಲೆಯಲ್ಲಿ ನೌಕರಿ ಸಿಕ್ಕಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ, ಕಿಟಕಿಗೆ ಗಾಜಿಲ್ಲದ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದಳು. ಸಂಜೆ ಬಂದಾಗಲೂ ಮುಖದಲ್ಲಿ ಗೆಲುವಿರುತ್ತಿತ್ತು. ನಾನು ಹೊರಡುವಾಗಲೂ ನನ್ನ ಮುಖದಲ್ಲಿರದ ಗೆಲುವು ಅದು.

"ಇನ್ನೊಂದಾದ್ರ ನೌಕ್ರಿ ಬಿಡಬೇಕಾಗತೈತ್ರಿ. ನಾ ಬಿಡಂಗಿಲ್ಲ," ಎಂದು ಅವಳು ಮೊದಲೇ ಹೇಳಿದ್ದಳು. ನನ್ನ ಆಸೆಯನ್ನು ನನ್ನದೆಂದು ಹೇಳಲು ಧೈರ್ಯ ಸಾಲದೆ ನಾನು ಅವ್ವನನ್ನು ಮುಂದೆ ಮಾಡುತ್ತಿದ್ದೆ. "ನಂದೇನಿಲ್ಲ, ಅವ್ವಗ ಮೊಮ್ಮಗನ ಆಸಿ ಐತಿ," ಎನ್ನುತ್ತಿದ್ದೆ. ಈಗ ಅವ್ವನ ಜೊತೆಗೆ ಮುಂದುವರಿದ ದೇಶಗಳೂ ಸೇರಿಕೊಂಡವು. ರೊಟ್ಟಿ ತಿನ್ನುವಾಗಲೆಲ್ಲ ಆ ದೇಶಗಳ ಪಾಡು ವಿವರಿಸತೊಡಗಿದೆ. ಅವಳು ಪಲ್ಯ ಬಡಿಸಿ ಎದ್ದು ಹೋಗುತ್ತಿದ್ದಳು.

ಅಷ್ಟರಲ್ಲಿ ಅವಳ ತಮ್ಮನಿಗೆ ಗಂಡುಮಗುವಾಯಿತು. ಕೂಡ್ಲಿಗಿಯಲ್ಲಿ, ಬಾಣಂತಿಯ ತವರಿನಲ್ಲಿ ತೊಟ್ಟಿಲ ಕಾರ್ಯ. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗಿ 'ಕುರ್ರ್' ಎಂದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆ ಕೂಸಿಗೆ ಇದ್ದ ಒಬ್ಬಳೇ ಸೋದರತ್ತೆ ನನ್ನ ಹೆಂಡತಿ. ಅವಳಿಗೆ ಅಂದೇ ಪರೀಕ್ಷೆ ಕೆಲಸ, ರಜೆ ಸಿಗಲಿಲ್ಲ. ಮಧ್ಯಾಹ್ನ ಮುಗಿಸಿ ಬರುತ್ತೇನೆಂದಳು. ನಾನು, ಅವ್ವ, ಮಗಳು ಬೆಳಗ್ಗೆಯೇ ಹೋಗಿ ಕೂತೆವು.

ಹೊತ್ತು ಇಳಿಯತೊಡಗಿತು, ಬಸ್ಸು ಬರಲಿಲ್ಲ. ಕೂಸು ಹಾಲು ಕುಡಿದು ಮಲಗಿ ಎದ್ದು ಅತ್ತಿತು. ಬುತ್ತಿ ಬಿಚ್ಚಿದಂತೆ ನಾನು ಪಾಠ ಬಿಚ್ಚಿದೆ. "ನೋಡ್ರಿ, ಒಂದೊಂದ ಹಡದ್ರ ಹಿಂಗ ಆಗತೈತಿ. ಆ ದೇಶದಾಗ ಅಣ್ಣ ತಮ್ಮ ಇಲ್ಲ, ಅಕ್ಕ ತಂಗಿ ಇಲ್ಲ. ಹಂಗಾಗಿ ಅತ್ತಿ ಇಲ್ಲ, ಮಾವ ಇಲ್ಲ. ಹೆಸರಿಡಾಕ ಯಾರನ್ನ ಕರೀಬೇಕು?"

ಬಾಣಂತಿಯ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಗಾಬರಿಯಾದರು. "ಅಯ್ಯೋ ಶಿವನ! ಯಾಕ್ ಹಡಿಯಂಗಿಲ್ಲಂತ್ರಿ ಮೇಷ್ಟ್ರ, ಅವ್ರಿಗೇನ್ ಬ್ಯಾನಿ?"

"ಬ್ಯಾನಿ ಇಲ್ಲಜ್ಜಿ. ಹೆಣ್ಮಕ್ಕಳು ಓದ್ತಾರ, ನೌಕ್ರಿ ಮಾಡ್ತಾರ, ತಡಾ ಮಾಡಿ ಲಗ್ನ ಆಗ್ತಾರ. ಹೊರಗಿಂದೂ ಒಳಗಿಂದೂ ಎರಡೂ ಆಗಂಗಿಲ್ಲ ಅಂತ ಒಂದಕ್ಕ ಸಾಕು ಮಾಡ್ತಾರ."

"ಹೊರಗಿಂದು ಅಕಿ ಮಾಡಿದ್ರ ಒಳಗಿಂದು ಗಂಡ ಮಾಡಂಗಿಲ್ಲೇನು?" ಎಂದು ಅಜ್ಜಿ ಕೇಳಿದರು.

ಪೇಪರಿನಲ್ಲಿ ಈ ಬಗ್ಗೆಯೂ ಒಂದು ಪ್ಯಾರಾ ಇತ್ತು. ನಾನು ಅದನ್ನು ಸರಸರನೆ ದಾಟಿದ್ದೆ. "ಅಲ್ಲಿಯ ಗಂಡಸರದು ನನಗ ಗೊತ್ತಿಲ್ಲಜ್ಜಿ," ಎಂದೆ. "ಇಲ್ಲಿಯವ್ರದು ನನಗ ಗೊತ್ತೈತಿ," ಎಂದಳು ಅವ್ವ.

ಆಗಲೇ ಶಶಿಕಲಾ ಬಂದಳು. ಕೊಟ್ಟೂರಿನಲ್ಲಿ ಬಸ್ ಕೆಟ್ಟಿತಂತೆ, ಜೋಳದ ಮೂಟೆಗಳ ಲಾರಿ ಹತ್ತಿ ಬಂದಿದ್ದಳು. ತಲೆ ತುಂಬ ಧೂಳು, ಬೆರಳಲ್ಲಿ ಸೀಮೆಸುಣ್ಣ, ಬಗಲಲ್ಲಿ ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ. ಕೈಕಾಲು ತೊಳೆದು ನೇರ ತೊಟ್ಟಿಲ ಬಳಿ ಹೋಗಿ ಕೂಸಿಗೆ ಕುಂಚಿಗೆ ಕಟ್ಟಿ, ಬಗ್ಗಿ ಹೆಸರು ಹೇಳಿದಳು. ಧಡಧಡನೆ ಗುದ್ದು ಬಿದ್ದವು. ಪ್ರತಿ ಗುದ್ದಿಗೂ ಅವಳು ನಕ್ಕಳು. ಇಂಥವಳು ನನ್ನ ಹೆಂಡತಿ ಎಂದು ನನಗೆ ನಿಜಕ್ಕೂ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಬಾಯಿಗೆ ಲಗಾಮು ತಪ್ಪಿತು.

"ನಮ್ಮ ಹುಡುಗಿಗೂ ಒಬ್ಬ ತಮ್ಮ ಇದ್ರ ಹಿಂಗ ಗುದ್ದಿಸಿಕೊಳ್ಳೋ ಯೋಗ ಬರತಿತ್ತು," ಎಂದೆ ಎಲ್ಲರೆದುರು. "ಅವ್ವಗೂ ಅದ ಆಸಿ."

ಶಶಿಕಲಾಳ ನಗು ನಿಂತಿತು. ಅವಳು ನನ್ನತ್ತ ನೋಡಲಿಲ್ಲ, ಅವ್ವನ ಕಡೆ ತಿರುಗಿದಳು. "ಹೌದೇನ್ರಿ ಅತ್ತಿ? ನಾ ನೌಕ್ರಿ ಬಿಡಬೇಕೇನ್ರಿ?"

ಅವ್ವ ಎಲೆಅಡಿಕೆ ಕೆಳಗಿಟ್ಟಳು.

"ನಾ ಯಾವಾಗ ಅಂದೀನಿ? ನಾ ಏಳು ಹಡದೀನಿ ತಾಯಿ. ನಿನಗ ಬೇಕೇನು ಅಂತ ಒಬ್ಬರೂ ಒಂದ ಸಲನೂ ನನ್ನ ಕೇಳ್ಲಿಲ್ಲ. ನಿನ್ನ ಯಾರರ ಕೇಳಿದ್ರ ಬಾಯಿ ತುಂಬ ಬ್ಯಾಡ ಅನ್ನು. ನಸಿಕಿನ್ಯಾಗ ನೀ ಬಸ್ಸಿಗೆ ಹೊಂಟಾಗ ನನಗ ನಾನ ಹೊಂಟಂಗ ಆಗತೈತಿ. ಬಿಡಬ್ಯಾಡ." ಆಮೇಲೆ ನನ್ನನ್ನು ತೋರಿಸಿ ಹೆಂಗಸರಿಗೆ ಹೇಳಿದಳು: "ನನ್ನ ಹೆಸರ್ಲೆ ಸುಳ್ಳು ಹೇಳ್ಯಾನ. ಇವನ ಬೆನ್ನು ಖಾಲಿ ಐತಿ, ನೋಡ್ರವಾ."

ಕೂಡ್ಲಿಗಿಯ ಹೆಂಗಸರು ಹಿರಿಯರ ಮಾತು ಮೀರುವವರಲ್ಲ. ಗಂಡಸೊಬ್ಬನ ಬೆನ್ನಿಗೆ ಆ ಪರಿ ಗುದ್ದು ಬಿದ್ದದ್ದು ಆ ಮನೆಯಲ್ಲಿ ಅದೇ ಮೊದಲಂತೆ. ನಾನು ತಲೆ ಮೇಲೆ ಕೈ ಹೊತ್ತು ಬಗ್ಗಿ, "ಒಂದ ಸಾಕು, ಒಂದ ಸಾಕು! ನೌಕ್ರಿ ಬಿಡಬ್ಯಾಡ ಮಾರಾಯ್ತಿ!" ಎಂದು ಕೂಗಿಕೊಂಡೆ. ಶಶಿಕಲಾ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

ಎಲ್ಲರೂ ದಣಿದು ಊಟಕ್ಕೆ ಎದ್ದ ಮೇಲೆ, ಆಟ ಬಿಟ್ಟು ಓಡಿಬಂದ ಮಗಳು ತನ್ನ ಪುಟ್ಟ ಮುಷ್ಟಿಯಿಂದ ಇನ್ನೊಂದು ಗುದ್ದಿದಳು. ಯಾತಕ್ಕೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.