ಚಾಲಕರ ಕೊರತೆಯಲ್ಲಿ ನನ್ನ ಪಾಲು

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ಪ್ರಬಂಧವೆಂಬುದನ್ನು ನಾನು ಈ ಹಿಂದೆ ಬರೆದಿರುವುದಿಲ್ಲ. ಈವರೆಗೆ ಬರೆದದ್ದೆಲ್ಲವೂ ಕಾಗದಗಳು. ಶಾಲೆಯಲ್ಲಿ ರಜೆಯ ಅರ್ಜಿಯಿಂದ ಆರಂಭವಾದ ಈ ಅಭ್ಯಾಸ ಇಂದು ನೈರೋಬಿಯ ಕಚೇರಿಯಲ್ಲಿ ಸರಕು ರವಾನೆಯ ಪತ್ರಗಳವರೆಗೆ ಬಂದು ನಿಂತಿದೆ. ತಲೆಯ ಮೇಲೆ 'ವಿಷಯ' ಮತ್ತು 'ಉಲ್ಲೇಖ' ಇಲ್ಲದ ಹಾಳೆಯೆದುರು ಕುಳಿತರೆ ಬನಿಯನ್ನಿನಲ್ಲಿ ಬ್ಯಾಂಕಿಗೆ ಹೋದಷ್ಟು ಮುಜುಗರವಾಗುತ್ತದೆ. ನಿಶ್ಚಿತಾರ್ಥವಾದ ಹೊಸದರಲ್ಲಿ, ಫೋನಿನಲ್ಲಿ ಮಾತನಾಡಲು ನಾಚಿಕೆಯಾಗಿ, ಈಗ ನನ್ನ ಹೆಂಡತಿಯಾಗಿರುವ ಸುಮನಾಳಿಗೆ ಒಂದು ಕಾಗದ ಬರೆದಿದ್ದೆ. 'ತಮ್ಮ ಪತ್ರ ತಲುಪಿತು. ಅದರಲ್ಲಿನ ವಿಷಯಗಳನ್ನು ಗಮನಿಸಲಾಗಿದೆ' ಎಂದು ಅದು ಆರಂಭವಾಗುತ್ತಿತ್ತು. ಆಕೆ ಅದನ್ನು ಅಕ್ಕತಂಗಿಯರಿಗೆಲ್ಲ ಓದಿ ಹೇಳಿದಳಂತೆ. ಮಾವನವರು ಮಾತ್ರ, ಹುಡುಗ ಜವಾಬ್ದಾರಿಯುಳ್ಳವನು ಎಂದರಂತೆ. ಅಂಥವನು ಈಗ ಪ್ರಬಂಧಕ್ಕೆ ಕೈಹಾಕಿರುವುದು ಒಂದು ತಪ್ಪೊಪ್ಪಿಗೆಗಾಗಿ. ತಪ್ಪೊಪ್ಪಿಗೆಗೆ ನಿಗದಿತ ನಮೂನೆ ನನ್ನ ಕಡತಗಳಲ್ಲಿ ಸಿಗಲಿಲ್ಲ.

ನಮ್ಮದು ರೋಗಿಗಳಿಗೆ ಏರಿಸುವ ಡ್ರಿಪ್ ಬಾಟಲಿಗಳನ್ನು ತಯಾರಿಸುವ ಕಾರ್ಖಾನೆ. ನಾನು ಅದರ ರವಾನೆ ವಿಭಾಗದ ಮುಖ್ಯಸ್ಥ. ನಮ್ಮ ಅಂಗಳದಲ್ಲಿ ಐದು ಲಾರಿಗಳಿವೆ. ಎರಡು ವರ್ಷದ ಹಿಂದೆ ಚಾಲಕರೂ ಐವರಿದ್ದರು. ಅನಂತರ ಒಬ್ಬೊಬ್ಬರಾಗಿ ನಾಲ್ವರು ಬಿಟ್ಟುಹೋದರು. ಉಳಿದವರು ಮುಟುವಾ ಒಬ್ಬರೇ. ಓಡದೆ ನಿಂತ ಲಾರಿಗಳು ನಿಧಾನವಾಗಿ ಬೇರೆ ಉಪಯೋಗಗಳಿಗೆ ಒಗ್ಗಿಕೊಂಡವು. ಒಂದರ ಕನ್ನಡಿಗೆ ಕಾವಲುಗಾರರು ತಮ್ಮ ಮಳೆಯಂಗಿಯನ್ನು ಒಣಹಾಕತೊಡಗಿದರು. ಇನ್ನೊಂದರ ಕೆಳಗೆ ಬೆಕ್ಕೊಂದು ಮರಿ ಹಾಕಿತು. ಪ್ಯಾಕಿಂಗ್ ವಿಭಾಗದ ಹೆಂಗಸರು ಅದಕ್ಕೆ ಹಾಲಿಡುತ್ತಿದ್ದುದರಿಂದ, ಚಾಲಕ ಸಿಕ್ಕರೂ ಆ ಲಾರಿಯನ್ನು ಹೊರಡಿಸಲು ಅವರ ಒಪ್ಪಿಗೆ ಪಡೆಯಬೇಕಾಗುವ ಸ್ಥಿತಿ ಉಂಟಾಯಿತು. ಬಾಡಿಗೆ ಲಾರಿಯವರನ್ನು ಕೇಳಿದರೆ, "ಲಾರಿ ಎಷ್ಟು ಬೇಕಾದರೂ ಇದೆ, ಡ್ರೈವರನ್ನು ನೀವೇ ಕಳಿಸಿ" ಎಂದರು.

ಪರಿಸ್ಥಿತಿ ಕೈಮೀರಿದೆಯೆಂದು ನನಗೆ ತಿಳಿದದ್ದು ದೂರದ ಕಿಸುಮು ಪಟ್ಟಣದ ಆಸ್ಪತ್ರೆಯೊಂದರ ಉಗ್ರಾಣದ ಮಹಿಳೆಯಿಂದ. ಈ ದೇಶದಲ್ಲಿ ಫೋನು ಮಾಡಿದವರು ನೇರವಾಗಿ ವಿಷಯಕ್ಕೆ ಬರುವುದು ಸಭ್ಯತೆಯಲ್ಲ. ಆಕೆ ಮೊದಲು ನನ್ನ ಕ್ಷೇಮ, ಆಮೇಲೆ ಹೆಂಡತಿಯ ಕ್ಷೇಮ, ಮಗಳ ಓದು, ನೈರೋಬಿಯ ಚಳಿ ಎಲ್ಲವನ್ನೂ ವಿಚಾರಿಸಿ ಕೊನೆಯಲ್ಲಿ, ಬಾಟಲಿಗಳ ನೆನಪು ಈಗಷ್ಟೇ ಬಂದಂತೆ ಕೇಳುತ್ತಿದ್ದರು. ತಡವಾಗುತ್ತ ಹೋದಂತೆ ಮೊದಲು ಚಳಿ ಬಿಟ್ಟುಹೋಯಿತು, ಆಮೇಲೆ ಮಗಳು, ಆಮೇಲೆ ಹೆಂಡತಿ. ಒಂದು ದಿನ ಫೋನೆತ್ತಿದ ಕೂಡಲೇ, "ಬಾಟಲಿ ಎಲ್ಲಿ?" ಎಂದರು.

ಯಜಮಾನರು ನನ್ನನ್ನು ಕರೆಸಿದರು. ಅವರು ಮೂರು ತಲೆಮಾರಿನಿಂದ ಇಲ್ಲಿಯೇ ನೆಲೆಸಿದ ಗುಜರಾತಿಗಳು. ಮಾತು ಕಡಿಮೆ.

"ಮೂರ್ತಿ, ಡ್ರೈವರುಗಳು ಯಾಕೆ ಸಿಗುತ್ತಿಲ್ಲ? ಕಾರಣಗಳು, ಪರಿಣಾಮಗಳು, ಒಂದು ಪುಟ. ಸೋಮವಾರ ಕೊಡಿ."

"ಒಂದೇ ಪುಟವೇ, ಸರ್?"

"ನಿಮ್ಮ ಕೈಗೆ ಎರಡು ಪುಟ ಕೊಟ್ಟರೆ, ಓದಿ ಮುಗಿಸುವಷ್ಟರಲ್ಲಿ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ."

ಪರಿಣಾಮಗಳನ್ನು ಬರೆಯುವುದು ಸುಲಭ; ಬೆಕ್ಕಿನ ಮರಿಗಳವರೆಗೆ ಎಲ್ಲವೂ ಕಣ್ಣೆದುರಿಗೇ ಇದ್ದವು. ಕಾರಣಗಳಿಗಾಗಿ ವಿಚಾರಣೆ ನಡೆಸಬೇಕಿತ್ತು. ಲಾರಿಗಳನ್ನು ಇಷ್ಟು ವರ್ಷ ಊರೂರಿಗೆ ಕಳುಹಿಸಿದ ನನಗೆ ಕಾರು ಓಡಿಸಲು ಕೂಡ ಬರುವುದಿಲ್ಲವೆಂಬ ಸಂಗತಿಯನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕಿಲೆಲೆಶ್ವಾದ ನಮ್ಮ ಫ್ಲಾಟಿನಿಂದ ಎಲ್ಲಿಗೆ ಹೋಗುವುದಿದ್ದರೂ ಟ್ಯಾಕ್ಸಿಯೇ ಗತಿ. ಅದೇ ವಾರ ವೆಸ್ಟ್‌ಲ್ಯಾಂಡ್ಸ್‌ಗೆ ಹೊರಟಾಗ ಸಿಕ್ಕ ಟ್ಯಾಕ್ಸಿಯ ಚಾಲಕರ ಹೆಸರು ಕಮಾವು. ಮಟಾಟು ಎಂಬ ಬಾಡಿಗೆ ವ್ಯಾನುಗಳ ನಡುವೆ ಅಲುಗಾಡದೆ ಸಿಕ್ಕಿಕೊಂಡಿದ್ದಾಗ ಮಾತು ಬೆಳೆದು, ಅವರು ಹಿಂದೆ ಉಗಾಂಡದ ಗಡಿಯವರೆಗೆ ಲಾರಿ ಓಡಿಸುತ್ತಿದ್ದರೆಂಬುದು ತಿಳಿಯಿತು.

"ಅಷ್ಟು ದೊಡ್ಡ ಲಾರಿ ಬಿಟ್ಟು ಈ ಚಿಕ್ಕ ಕಾರಿಗೆ ಯಾಕೆ ಬಂದಿರಿ?" ಎಂದು ಕೇಳಿದೆ.

"ಲಾರಿಯಲ್ಲಿ ಓಡಿಸುವುದು ಕಡಿಮೆ ಸರ್, ಕಾಯುವುದೇ ಜಾಸ್ತಿ. ಗಡಿಯಲ್ಲಿ ಸಾಲು ನಿಂತರೆ ಅಲ್ಲೇ ಅಡುಗೆ, ಅಲ್ಲೇ ಬಟ್ಟೆ ಒಗೆಯುವುದು. ಒಂದು ಸಲ ಮನೆಗೆ ಹೋದಾಗ ನನ್ನ ಚಿಕ್ಕ ಮಗಳು ಕುರ್ಚಿ ತಂದು ಹಾಕಿ, ಅಮ್ಮ ಅಂಗಡಿಗೆ ಹೋಗಿದ್ದಾರೆ, ಕೂತುಕೊಳ್ಳಿ ಅಂದಳು."

ನಾನು ನಕ್ಕೆ. ಅವರೂ ನಕ್ಕರು, ಆದರೆ ನನಗಿಂತ ಬೇಗ ನಿಲ್ಲಿಸಿದರು.

ಹೀಗೆ ಮೊದಲನೆಯ ಕಾರಣ ಸಿಕ್ಕಿತು. ಎರಡನೆಯದನ್ನು ನಾನೇ ಬಲ್ಲೆ: ಅನುಭವವಿಲ್ಲದವನ ಕೈಗೆ ಲಾರಿ ಕೊಟ್ಟರೆ ವಿಮೆಯವರು ಒಪ್ಪುವುದಿಲ್ಲ, ಲಾರಿ ಕೈಗೆ ಬಾರದೆ ಅನುಭವ ಬರುವುದಿಲ್ಲ. ಹೊಸಬರು ಬಾಗಿಲ ಹೊರಗೇ ನಿಂತು ಮುದುಕರಾಗುತ್ತಾರೆ. ಮೂರನೆಯದು, ಅನುಭವವಿದ್ದವರನ್ನು ಕೊಲ್ಲಿ ದೇಶಗಳು ಕರೆದುಕೊಳ್ಳುತ್ತಿವೆ. ಒಂದು ಪುಟಕ್ಕೆ ಇಷ್ಟು ಸಾಕೆಂದು ಸಮಾಧಾನಪಟ್ಟುಕೊಳ್ಳುತ್ತಿರುವಾಗಲೇ ಮುಟುವಾ ನನ್ನ ಕೋಣೆಗೆ ಬಂದು, ಟೋಪಿ ತೆಗೆದು ನಿಂತರು. ಅವರು ಟೋಪಿ ತೆಗೆದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಬಾಸ್, ಒಂದು ಕಾಗದ ಬೇಕಿತ್ತು."

"ಎಂಥ ಕಾಗದ?"

"ಒಟಿಯೆನೊಗೆ ಬರೆದುಕೊಟ್ಟಿರಲ್ಲ, ಅಂಥದ್ದು."

ಒಟಿಯೆನೊ ಎಂದರೆ ನಮ್ಮನ್ನು ಬಿಟ್ಟುಹೋದ ನಾಲ್ವರಲ್ಲಿ ಮೊದಲನೆಯವರು. ಮುಟುವಾ ವಿವರಿಸಿದರು. ಒಟಿಯೆನೊ ಆ ಅನುಭವ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದಾರಂತೆ. ಸಂದರ್ಶನದಲ್ಲಿ ಕೊಲ್ಲಿಯ ಸಾಹೇಬರು ಅದನ್ನು ಎರಡು ಸಲ ಓದಿದರಂತೆ. "ಉಳಿದವರಿಗೆಲ್ಲ ಲಾರಿ ಹಿಂದಕ್ಕೆ ತೆಗೆಯುವ ಪರೀಕ್ಷೆ ಕೊಟ್ಟರು, ಇವನಿಗೆ ಚಹಾ ಕೊಟ್ಟರು" ಎಂದರು ಮುಟುವಾ. "ಆಮೇಲೆ ಹೋದ ಮೂವರೂ ನಿಮ್ಮ ಕಾಗದದ ಮೇಲೇ ಹೋದದ್ದು, ಬಾಸ್. ಏಜೆಂಟರು ಕೇಳುವುದೇ ಅದನ್ನು. ಶುಕ್ರವಾರದೊಳಗೆ ಕೊಟ್ಟರೆ ನನಗೂ ಸೀಟು ಇದೆ. ಇಲ್ಲದಿದ್ದರೆ ಬೇರೆಯವರಿಗೆ."

ಅವರಿಗೆ ಕುಳಿತುಕೊಳ್ಳಲು ಹೇಳಿ, ನಾನು ನಿಂತುಕೊಂಡೆ. ನಾಲ್ವರಿಗೂ ಬರೆದವನು ನಾನೇ. ನಂಜನಗೂಡಿನ ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಶ್ರೀಕಂಠಯ್ಯನವರು, ಬಿಟ್ಟು ಹೋಗುವವನಿಗೆ ಬರೆಯುವಾಗ ಕೈ ಬಿಗಿ ಹಿಡಿಯಬಾರದೆಂದು ಹೇಳಿಕೊಟ್ಟಿದ್ದರು. ಅದನ್ನು ನಾನು ಶ್ರದ್ಧೆಯಿಂದ ಪಾಲಿಸಿದ್ದೆ. ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಕಟ್ಟಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿ, ಒಂದೊಂದು ಪತ್ರಕ್ಕೂ ಒಂದೊಂದು ಸಂಜೆ ಕೊಟ್ಟಿದ್ದೆ. ವರದಿಯಲ್ಲಿ ಸೇರಬೇಕಾದ ನಾಲ್ಕನೆಯ ಕಾರಣ ಯಾವುದೆಂದು ಅರ್ಥವಾಗತೊಡಗಿತು.

"ಕಮಾವು ಎಂಬವರು ಮನೆಯಲ್ಲಿ ಮಲಗಬೇಕು ಅಂತ ಲಾರಿ ಬಿಟ್ಟರಂತೆ. ನೀವು ಅದಕ್ಕಿಂತ ದೂರ ಹೊರಟಿದ್ದೀರಲ್ಲ" ಎಂದೆ. ಧ್ವನಿಯಲ್ಲಿ ಸ್ವಲ್ಪ ಸ್ವಾರ್ಥವಿತ್ತು.

ಮುಟುವಾ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದರು. "ಇಲ್ಲಿ ಇದ್ದೂ ಮನೆಗೆ ಹೋಗುವುದಿಲ್ಲ, ಬಾಸ್. ಅಲ್ಲಿಗೆ ಹೋದರೆ, ಅಪ್ಪ ಯಾಕೆ ಬರಲಿಲ್ಲ ಅಂದಾಗ ಹೇಳುವುದಕ್ಕೊಂದು ಸಮುದ್ರವಾದರೂ ಅಡ್ಡ ಇರುತ್ತದೆ."

ಸಮುದ್ರ ದಾಟಿ ಬಂದ ನಾನು, ಶುಕ್ರವಾರದೊಳಗೆ ಕಾಗದ ಸಿಗುತ್ತದೆ ಎಂದೆ.

ಅಂದು ಸಂಜೆ ಮನೆಯ ಊಟದ ಮೇಜಿನ ಮೇಲೆ ಮುಟುವಾ ಅವರ ಪತ್ರ ಸಿದ್ಧಪಡಿಸಿದೆ. 'ಸದರಿಯವರು ನಮ್ಮಲ್ಲಿ ಹನ್ನೊಂದು ವರ್ಷ ಚಾಲಕರಾಗಿ ಕೆಲಸ ಮಾಡಿರುತ್ತಾರೆ. ಇವರ ನಡತೆಯ ಬಗ್ಗೆ ಪ್ರತಿಕೂಲವಾದುದು ಏನೂ ನಮ್ಮ ಗಮನಕ್ಕೆ ಬಂದಿರುವುದಿಲ್ಲ.' ಇಷ್ಟೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಕಾಗದಗಳಲ್ಲಿ ಜೀವನ ಕಳೆದವನಿಗೆ ಗೊತ್ತು, ಇಂಥ ಪತ್ರ ಹಿಡಿದು ಹೋದವನಿಗೆ ಚಹಾ ಸಿಗುವುದಿಲ್ಲ. ಕಿಸುಮುವಿನ ರೋಗಿಗಳ ಹಿತದೃಷ್ಟಿಯಿಂದ ಹೀಗೆ ಬರೆದಿದ್ದೇನೆಂದು ನನಗೆ ನಾನೇ ಒಂದು ಟಿಪ್ಪಣಿ ಮಂಡಿಸಿಕೊಂಡೆ. ಸುಮನಾ ಅದನ್ನೆತ್ತಿ ಓದಿದಳು.

"ಏನ್ರೀ ಇದು, ಪೊಲೀಸ್ ಸ್ಟೇಷನ್ನಿಂದ ಬಿಟ್ ಕಳಿಸ್ದಂಗಿದೆ."

"ವಾಸ್ತವಾಂಶ ಅಷ್ಟೇ ಬರ್ದಿದೀನಿ."

"ನಕುರು ಕಡೆಯಿಂದ ಬರೋವಾಗೆಲ್ಲ ನಮ್ಮನೆಗೆ ಆಲೂಗಡ್ಡೆ ತಂದ್ಕೊಡ್ತಾರಲ್ಲ, ಅದು ವಾಸ್ತವಾಂಶ ಅಲ್ವಾ? ನಿಮ್ ಶ್ರೀಕಂಠಯ್ಯನೋರು ಹಿಂಗೇ ಬರ್ಕೊಟ್ಟಿದ್ರೆ ನೀವು ಇನ್ನೂ ನಂಜನಗೂಡಲ್ಲೇ ಚಲನ್ ಬರೀತಾ ಇರ್ತಿದ್ರಿ."

ಒಂಬತ್ತನೆಯ ತರಗತಿಯ ಮಗಳು ಅದಿತಿ ಫೋನಿನಿಂದ ತಲೆಯೆತ್ತದೆ ತನ್ನ ಭಾಷೆಯಲ್ಲಿ ಸೇರಿಸಿದಳು: "ದಟ್ಸ್ ಮೀನ್, ಅಪ್ಪಾ."

ಶ್ರೀಕಂಠಯ್ಯನವರ ಕಾಗದ ಇಂದಿಗೂ ನನ್ನ ಬಳಿ ಇದೆ. ನಾನು ನಂಬಿಕೆಗೆ ಅರ್ಹನೆಂದು, ನನ್ನಂಥವನನ್ನು ಕಳೆದುಕೊಳ್ಳುವುದು ತಮಗೆ ವೈಯಕ್ತಿಕ ನಷ್ಟವೆಂದು ಅವರು ಅದರಲ್ಲಿ ಬರೆದಿದ್ದರು. ಅವರ ಕೈಕೆಳಗಿದ್ದ ಅಷ್ಟು ವರ್ಷಗಳಲ್ಲಿ ನಾನು ಕೇಳಿದ್ದು, "ಇದನ್ನೂ ತಪ್ಪು ಮಾಡಿದೀಯೇನಯ್ಯ" ಎಂಬ ಮಾತು ಮಾತ್ರ. ನಾನು ಒಳ್ಳೆಯವನೆಂಬ ಸಂಗತಿ ನನಗೆ ಮೊದಲು ತಿಳಿದದ್ದು ವಿಮಾನ ನಿಲ್ದಾಣದಲ್ಲಿ ಆ ಲಕೋಟೆ ಒಡೆದಾಗ. ಆಗ ಹಿಂದಿರುಗಲು ಸಾಧ್ಯವಿರಲಿಲ್ಲ.

ಮೊದಲಿನ ಹಾಳೆಯನ್ನು ಹರಿದು ಹೊಸದಾಗಿ ಬರೆದೆ. ಒಮ್ಮೆ ಮಳೆಗೆ ರಸ್ತೆ ಕೊಚ್ಚಿಹೋಗಿ ಎರಡು ದಿನ ನಿಲ್ಲಬೇಕಾಗಿ ಬಂದಾಗ, ಬಾಟಲಿಗಳು ಬಿಸಿಲಿಗೆ ಕಾಯಬಾರದೆಂದು ಮರವೊಂದರ ನೆರಳು ಸರಿದಂತೆಲ್ಲ ಮುಟುವಾ ಲಾರಿಯನ್ನೂ ಸರಿಸುತ್ತ ಕುಳಿತಿದ್ದರು. ಅದನ್ನು ಬರೆದೆ. ಇಂಥ ಚಾಲಕರು ಸಿಗುವುದು ಯಾವ ಸಂಸ್ಥೆಗಾದರೂ ಸುದೈವವೆಂದು ಬರೆದೆ. ಬರೆಯುವ ಭರದಲ್ಲಿ, ಒಮ್ಮೆಯೂ ತಡ ಮಾಡಿದವರಲ್ಲ ಎಂಬುದನ್ನೂ ಸೇರಿಸಿದೆ.

ಶುಕ್ರವಾರ ಬೆಳಿಗ್ಗೆ ಲಾರಿಯ ಬಳಿಗೇ ಹೋಗಿ ಕೊಟ್ಟೆ. ಮುಟುವಾ ಕ್ಯಾಬಿನ್ನಿನಲ್ಲಿ ಕುಳಿತು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. ನಾನು ಕೆಳಗೆ ನಿಂತು ಫಲಿತಾಂಶಕ್ಕೆ ಕಾಯುವವನಂತೆ ಕಾದೆ.

"ಬಾಸ್, ಒಂದು ತಪ್ಪಿದೆ. ಒಮ್ಮೆಯೂ ತಡ ಮಾಡಿಲ್ಲ ಅಂತ ಬರೆದಿದ್ದೀರಿ. ಆ ಮರದ ಕೆಳಗೆ ನಿಂತದ್ದಕ್ಕೆ ಎರಡು ದಿನ ತಡವಾಯಿತಲ್ಲ. ಯಾಕೆ ತಡ ಅಂತ ಕಾರಣ ಕೇಳಿ ನನಗೆ ಮೆಮೊ ಕೊಟ್ಟಿದ್ದಿರಿ."

ಕೊಟ್ಟಿದ್ದೆ. ನೆರಳಿನ ಸಂಗತಿ ನನಗೆ ತಿಳಿದದ್ದೇ ಆ ಮೆಮೊಗೆ ಅವರು ಬರೆದ ಸಮಜಾಯಿಷಿಯಿಂದ. ಅದನ್ನು ಓದಿ, 'ಪರಿಶೀಲಿಸಲಾಗಿದೆ' ಎಂದು ಷರಾ ಬರೆದು ಕಡತಕ್ಕೆ ಸೇರಿಸಿದ್ದೆ.

"ಹೋಗಲಿ ಬಿಡಿ, ಯಾರು ನೋಡುತ್ತಾರೆ" ಎಂದೆ.

"ನಾನು ನೋಡುತ್ತೇನಲ್ಲ. ಹೊಡೆದುಹಾಕಿ."

ಹೊಡೆದುಹಾಕಿ ಸಹಿ ಮಾಡಿದೆ. ಅವರು ಕಾಗದವನ್ನು ಮಡಿಸಲಿಲ್ಲ, ಸ್ಟಿಯರಿಂಗಿನ ಮೇಲೆ ಹರಡಿಕೊಂಡರು.

"ಹನ್ನೊಂದು ವರ್ಷಕ್ಕೆ ನಿಮ್ಮಿಂದ ನನಗೆ ಎರಡು ಕಾಗದ ಬಂತು, ಬಾಸ್. ಒಂದು ಆ ಮೆಮೊ. ಒಂದು ಇದು." ಕನ್ನಡಕ ತೆಗೆದು ಹೇಳಿದರು: "ಇದು ಮೊದಲೇ ಬಂದಿದ್ದರೆ ಏಜೆಂಟರ ಹತ್ತಿರ ಹೋಗುತ್ತಿದ್ದೆನೋ ಇಲ್ಲವೋ."

"ಈಗ?"

"ಈಗ ಮನೆಯಲ್ಲಿ ಎಲ್ಲರಿಗೂ ಹೇಳಿ ಆಗಿದೆ. ಸವಾ, ಬಾಸ್. ಅಸಾಂಟೆ." ಸರಿ, ಧನ್ಯವಾದ ಎಂಬುದಕ್ಕೆ ಇಲ್ಲಿಯವರ ಮಾತು ಅದು.

ಸೋಮವಾರ ವರದಿ ಸಲ್ಲಿಸಿದೆ. ನಾಲ್ಕನೆಯ ಕಾರಣವನ್ನು ಹೀಗೆ ಬರೆದಿದ್ದೆ: 'ಚಾಲಕರ ಬಗ್ಗೆ ನಮಗಿರುವ ಸದಭಿಪ್ರಾಯವನ್ನು ಅವರು ಬಿಟ್ಟು ಹೋಗುವ ದಿನದವರೆಗೆ ಅವರಿಗೆ ತಿಳಿಸದಿರುವ ಪದ್ಧತಿ. ಈ ಪದ್ಧತಿಗೆ ಕೆಳಗೆ ಸಹಿ ಮಾಡಿದವನೇ ಹೊಣೆ.' ಜೊತೆಗೆ, ಕಿಸುಮುವಿನ ಅರ್ಧ ದಾರಿಯಲ್ಲಿರುವ ನಕುರುವಿನಲ್ಲಿ ಚಾಲಕರನ್ನು ಬದಲಾಯಿಸಿದರೆ ನೈರೋಬಿಯವರು ಅದೇ ದಿನ ಮನೆ ಸೇರಬಹುದೆಂಬ ಸಲಹೆಯನ್ನೂ ಇಟ್ಟಿದ್ದೆ. ಯಜಮಾನರು ಓದಿ ಮುಗಿಸಿ ಕಿಟಕಿಯ ಕಡೆ ನೋಡಿದರು.

"ಈ ನಾಲ್ಕನೆಯದರಲ್ಲಿ ನಾನೂ ಇದ್ದೀನಾ, ಮೂರ್ತಿ?"

"ತಮ್ಮ ಹೆಸರು ಹಾಕಿಲ್ಲ, ಸರ್."

"ಅದು ಕಾಣುತ್ತಿದೆ" ಎಂದರು. ನಕುರುವಿನ ಸಲಹೆಗೆ ಮೂರು ತಿಂಗಳ ಮಟ್ಟಿಗೆ ಒಪ್ಪಿಗೆ ದೊರೆಯಿತು. ನಾನು ಕರೆದದ್ದಕ್ಕೆ ಕಮಾವು ಬಂದು ಲಾರಿಗಳನ್ನು ನೋಡಿಕೊಂಡು ಹೋಗಿದ್ದಾರೆ. ಬರುತ್ತೇನೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಹತ್ತಿ ನೋಡಲು ಬೆಕ್ಕಿಲ್ಲದ ಲಾರಿಯನ್ನು ಆರಿಸಿಕೊಂಡದ್ದು ಶುಭಸೂಚನೆಯೆಂದು ಭಾವಿಸಿದ್ದೇನೆ. ಮುಟುವಾ ಹೊರಟುಹೋದರು. ಹೋಗುವ ಮೊದಲು ಕೊನೆಯ ಬಾರಿ ಕಿಸುಮುವಿಗೆ ಬಾಟಲಿ ಮುಟ್ಟಿಸಿ, ನಮ್ಮ ಮನೆಗೆ ಅರ್ಧ ಮೂಟೆ ಆಲೂಗಡ್ಡೆ ಕಳುಹಿಸಿದರು. ಮರುದಿನ ಉಗ್ರಾಣದ ಮಹಿಳೆ ಫೋನು ಮಾಡಿ ನನ್ನ ಹೆಂಡತಿಯ ಕ್ಷೇಮ ವಿಚಾರಿಸಿದರು.

ಆ ಆಲೂಗಡ್ಡೆಯ ಪಲ್ಯ ತಿನ್ನುತ್ತಿದ್ದಾಗ ನನ್ನ ತಪ್ಪು ಕಾರ್ಖಾನೆಗಷ್ಟೇ ಸೀಮಿತವಲ್ಲವೆಂದು ಹೊಳೆಯಿತು. ಬಾಯಲ್ಲಿ ಹೇಳುವ ಅಭ್ಯಾಸವಿಲ್ಲದ್ದರಿಂದ ಒಂದು ಕಾಗದವನ್ನೇ ಬರೆದೆ. ಹದಿನೇಳು ವರ್ಷಗಳಿಂದ ಈ ಮನೆಯನ್ನು ನಡೆಸಿಕೊಂಡು ಬಂದಿರುವ ಸುಮನಾ ಅವರ ತಾಳ್ಮೆ, ವಿವೇಚನೆ, ಪರದೇಶದಲ್ಲಿ ಅವರು ತೋರಿದ ಧೈರ್ಯ, ಎಲ್ಲವನ್ನೂ ಕೈ ಬಿಗಿ ಹಿಡಿಯದೆ ನಮೂದಿಸಿ, ಸಹಿ ಹಾಕಿ, ಕಾಫಿ ಲೋಟದ ಪಕ್ಕದಲ್ಲಿಟ್ಟೆ.

ಆಕೆ ನಿಂತಲ್ಲೇ ಪೂರ್ತಿ ಓದಿದಳು. ಆಮೇಲೆ ನನ್ನನ್ನು ದಿಟ್ಟಿಸಿ ಕೇಳಿದಳು:

"ಎಲ್ಲಿಗ್ರೀ ಕಳಿಸ್ತಿದೀರಾ ನನ್ನ?"

ಸದರಿ ಪ್ರಶ್ನೆಗೆ ಸಮಂಜಸವಾದ ಉತ್ತರ ಸಲ್ಲಿಸಲು ಕಾಲಾವಕಾಶ ಕೋರಿದ್ದೇನೆ, ಮಂಜೂರಾಗಿಲ್ಲ. ಕಾಗದವನ್ನು ಮಾತ್ರ ಆಕೆ ಹಿಂದಿರುಗಿಸಿರುವುದಿಲ್ಲ.